ಬನಹಟ್ಟಿ ಓಣಿಗೆ ರೈಲು

ಗಿರಮಲ್ಲಪ್ಪ ಜೋಳದ ಹಿಟ್ಟಿನ ಡಬ್ಬಿಯನ್ನೇ ಬುಡಮೇಲು ಮಾಡಿದ. ಚಾವಿ ಅಲ್ಲೂ ಇರಲಿಲ್ಲ.

"ಖರೆ ಹೇಳು, ನೀನ ಮುಚ್ಚಿಟ್ಟೀ ಹೌದಲ್ಲ?"

"ಹೌದ್ರಿ, ರೊಟ್ಟಿಯೊಳಗ ಹಾಕಿ ಬಡದೇನಿ. ಮಧ್ಯಾಹ್ನ ನೀವ ತಿಂದ್ರಿ," ಎಂದಳು ಹೆಂಡತಿ ಶೇವಂತಿ. ಅವಳ ನಗು ನೋಡಿ ಅವನ ಗುಮಾನಿ ಇನ್ನಷ್ಟು ಬಲಿಯಿತು.

ಆದದ್ದಿಷ್ಟು. ನೇಕಾರ ಗಿರಮಲ್ಲಪ್ಪನಿಗೆ ತಿಂಗಳ ಹಿಂದೆ ಅಟ್ಟದ ಮೇಲೆ ಒಂದು ತಗಡಿನ ಆಟಿಕೆ ರೈಲು ಸಿಕ್ಕಿತ್ತು. ಅಜ್ಜ ರಾಚಪ್ಪ ಮುಂಬಯಿಯಿಂದ ತಂದದ್ದು. ತುಕ್ಕು ತಿಂದ ಎಂಜಿನ್, ಮೂರು ಡಬ್ಬಿ, ಒಂದು ಚೀಲ ಹಳಿ. ಅಂದಿನಿಂದ ಅವನಿಗೆ ಊಟ ನಿದ್ದೆ ಎರಡೂ ಬೇಡವಾದವು. ಮಗ್ಗದ ಎಣ್ಣೆ ಹಾಕಿ ತುಕ್ಕು ಬಿಡಿಸಿದ. ಮುರಿದ ಲಾಳಿಯ ಕಟ್ಟಿಗೆ ಕೆತ್ತಿ ಗಾಲಿ ಮಾಡಿದ. ಎತ್ತಿನ ಕೋಡಿಗೆ ಬಳಿಯುವ ಕೆಂಪು ಬಣ್ಣ ಬಳಿದ. ಗಾಲಿ ತಿರುಗಿದ ದಿನ ಖುಷಿ ತಡೆಯಲಾರದೆ "ಕೂ" ಎಂದು ಎಷ್ಟು ಜೋರಾಗಿ ಕೂಗಿದನೆಂದರೆ, ಪಕ್ಕದ ಮನೆಯ ಮಗ್ಗ ಗಪ್ಪನೆ ನಿಂತಿತು.

"ಅಮಾಸಿ ದಿನ ಮಗ್ಗಕ್ಕ ಸೂಟಿ. ಎಲ್ಲಾರೂ ಬರ್ರಿ, ಬನಹಟ್ಟಿಗೆ ರೈಲು ಬರತೈತಿ! ಓಡಲಿಲ್ಲಂದ್ರ ಮೀಸಿ ಬೋಳಸ್ತೀನಿ!" ಎಂದು ಓಣಿಗೆಲ್ಲ ಸಾರಿಬಿಟ್ಟ.

ಆಮೇಲೆ ನೋಡುತ್ತಾನೆ, ತಿರುವುವ ಚಾವಿಯೇ ಇಲ್ಲ! ಎಂಜಿನ್ನಿನ ಪಕ್ಕೆಯಲ್ಲೊಂದು ಸಣ್ಣ ತೂತು, ಅದರ ಆಳದಲ್ಲಿ ಚೌಕ ಕಡ್ಡಿ. ಇಕ್ಕಳ ಒಳಗೆ ಹೋಗಲಿಲ್ಲ. ಅರ ಹಿಡಿದು ಮಾಡಿದ ಎರಡು ಚಾವಿಗಳು ತಿರುವಿದೊಡನೆ ಮುರಿದವು.

"ನಿಮ್ಮಜ್ಜ ಭಾಳ ಜೀನ. ಹುಡುಗೂರು ಕೈ ಹಾಕದ ಕಡೆ ಇಡತಿದ್ನಂತ," ಎಂದಳು ತಾಯಿ ಬೋರವ್ವ.

ಕೊನೆಗೆ ಉಳಿದದ್ದು ದೇವರೇ. ಮನೆಯ ದೇವರ ಜಗುಲಿಯ ಮೇಲೆ, ಬೆಳ್ಳಿಯ ದೇವರ ಮುಖಗಳ ನಡುವೆ, ಕುಂಕುಮ ಮೆತ್ತಿ ಮೆತ್ತಿ ಗುಂಡಗಾದ ಪುಟ್ಟ ದೇವರೊಂದಿತ್ತು. ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ. "ಅದನ್ನ ಅಲುಗಾಡಸಬ್ಯಾಡ" ಎಂದು ಅತ್ತೆ ಹೇಳಿದ್ದಕ್ಕೆ ಬೋರವ್ವ ನಲವತ್ತು ವರ್ಷ ನೀರೂ ಸೋಕಿಸದೆ ಕುಂಕುಮವನ್ನಷ್ಟೇ ಏರಿಸಿದ್ದಳು. ಗಿರಮಲ್ಲಪ್ಪ ದಿನಾ ಅದರ ಮುಂದೆ ನಿಂತು ಗೋಗರೆದ: "ಚಾವಿ ಕೊಡಪಾ, ಹಾಲಿನ ಅಭಿಷೇಕ ಮಾಡ್ತೀನಿ."

ಅಮಾವಾಸ್ಯೆ ಬಂದೇಬಿಟ್ಟಿತು. ಹಳಿ ಹಾಸಿದ ಕಟ್ಟೆಯ ಸುತ್ತ ಜನವೋ ಜನ. ನೆರೆಮನೆಯ ಈರಪ್ಪ ಮೀಸೆ ಬೋಳಿಸಲು ಕ್ಷೌರದ ಕತ್ತಿ, ಸಾಬೂನು ಹಿಡಿದೇ ಬಂದಿದ್ದ.

"ಮೊದಲ ಹರಕಿ ತೀರಸ್ರಿ. ದೇವರಿಗೂ ಮುಂಗಡ ಬೇಕಾಗಿದ್ದೀತು," ಎಂದಳು ಶೇವಂತಿ.

ಬೋರವ್ವ ಗೊಣಗಿಕೊಂಡೇ ಒಪ್ಪಿದಳು. ಗಿರಮಲ್ಲಪ್ಪ ಕಣ್ಣು ಮುಚ್ಚಿ ಹಾಲು ಸುರಿದ, ನೀರು ಸುರಿದ, ಹುಣಸೆಹಣ್ಣು ಹಚ್ಚಿ ತಿಕ್ಕಿದ. ನಲವತ್ತು ವರ್ಷದ ಕುಂಕುಮ ಕೆಂಪಗೆ ಹರಿಯಿತು. ಕಣ್ಣು ಬಿಟ್ಟವನು ಗಕ್ಕನೆ ನಿಂತ. ಮರುಕ್ಷಣ ಹುಚ್ಚನಂತೆ ನಗುತ್ತ ಹೊರಗೆ ಓಡಿದ.

"ಲೇ! ದೇವರನ್ನ ಎತಗೊಂಡು ಎಲ್ಲಿಗೆ ಹೊಂಟೀ?" ಬೋರವ್ವ ಬೆನ್ನಟ್ಟಿದಳು.

ಗಿರಮಲ್ಲಪ್ಪ ಎರಡು ಹಿತ್ತಾಳೆ ಕಿವಿಗಳ ಆ ದೇವರನ್ನು ಎಂಜಿನ್ನಿನ ತೂತಿಗೆ ಸಿಕ್ಕಿಸಿ ಗರಗರ ತಿರುವಿದ. ಬನಹಟ್ಟಿಗೆ ರೈಲು ಬಂತು.