ಕುಂಟೆಯ ದಂಡೆಯ ಹೆಜ್ಜೆ

"ಇವತ್ತು ಸಿಗೋದು ಅನುಮಾನ ಅಂದ್ರಲ್ಲ ಅಕ್ಕಾ! ಬನ್ನಿ ಇಲ್ಲಿ, ಈಗ ತಾನೇ ಬಿದ್ದ ಹಾಗಿವೆ!"

ಸುಧಾಕರ್ ನೀರಿನ ಕುಂಟೆಯ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕೂಗಿದ. ಹಿಂದೆ ಬರುತ್ತಿದ್ದ ಕದಿರಮ್ಮ ಬಗ್ಗಿ ನೋಡಿದಳು. ಒದ್ದೆ ಜೇಡಿಮಣ್ಣಿನ ಮೇಲೆ ಸಾಲಾಗಿ ಚಿರತೆಯ ಹೆಜ್ಜೆಗಳು. ಅವಳು ಸರಕ್ಕನೆ ಹಿಂದಕ್ಕೆ ಸರಿದಳು.

ಸುಧಾಕರ್ ರಾಬರ್ಟ್‌ಸನ್‌ಪೇಟೆಯ ಶಾಲಾ ಮೇಷ್ಟ್ರು. ಭಾನುವಾರ ಬೆಳಗಿನ ಬಸ್ಸಿಗೆ ಗೆಳೆಯರನ್ನೆಲ್ಲ ಹತ್ತಿಸಿಕೊಂಡು ಜಾಲಿಕಣಿವೆಗೆ ನಡೆದಾಡಲು ಬರುತ್ತಾನೆ. ಕೊನೆಯ ಸ್ಟಾಪಿನಲ್ಲಿ ಇಳಿದರೆ ಎದುರಿಗೇ ಕದಿರಮ್ಮನ ಮನೆ. ಅವಳು ಮುಂದೆ ನಿಂತು ಕಣಿವೆ ಸುತ್ತಿಸುತ್ತಾಳೆ. ಹಸಿದು ಬಂದವರಿಗೆ ಮುದ್ದೆ, ಅವರೆಕಾಳಿನ ಸಾರು ಬಡಿಸುತ್ತಾಳೆ. ಮಧ್ಯಾಹ್ನದ ಬಸ್ಸಿಗೆ ಎಲ್ಲರೂ ವಾಪಸು.

ಎರಡು ವರ್ಷದ ಹಿಂದೆ ಈ ಕಡೆ ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ. ಬಸ್ಸು ಖಾಲಿ ಓಡುತ್ತದೆ, ನಿಲ್ಲಿಸಿಬಿಡುತ್ತಾರಂತೆ ಎಂದು ಊರೆಲ್ಲ ಗುಸುಗುಸು. ಬಸ್ಸು ನಿಂತರೆ ಮಗಳು ರಾಧಳ ಕಾಲೇಜೂ ನಿಂತಂತೆಯೇ ಎಂದು ಕದಿರಮ್ಮ ಅನ್ನ ನೀರು ಬಿಟ್ಟು ಕೂತಿದ್ದಳು. ಅಷ್ಟರಲ್ಲಿ ಯಾರ ಪುಣ್ಯವೋ, ಕಣಿವೆಗೆ ಚಿರತೆ ಬಂದಿದೆ ಎಂದು ಸುದ್ದಿಯಾಯಿತು. ಕುಂಟೆಯ ದಂಡೆಯಲ್ಲಿ ಅದರ ಹೆಜ್ಜೆಯನ್ನು ಜನಕ್ಕೆ ಮೊದಲು ತೋರಿಸಿದವಳು ಕದಿರಮ್ಮನೇ. ಫೋಟೋ ಫೋನಿಂದ ಫೋನಿಗೆ ಹಾರಿತು. ಬಂಗಾರಪೇಟೆ ಕಡೆಯವರೂ ಬರತೊಡಗಿದರು. ಬಸ್ಸಿನಲ್ಲಿ ಸೀಟು ಸಿಗದಂತಾಯಿತು.

ಮರ್ಯಾದಸ್ಥ ಚಿರತೆ ಅನ್ನಬೇಕು. ಊರಿನ ಒಂದು ಕೋಳಿಯನ್ನೂ ಮುಟ್ಟಿರಲಿಲ್ಲ, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದರೂ ಭಾನುವಾರ ಬಂದವರು ಹೆಜ್ಜೆ ನೋಡದೆ ಹೋದದ್ದು ಕಡಿಮೆ.

ಕದಿರಮ್ಮನ ಎದೆಗಾರಿಕೆಯೂ ಊರಿಗೆಲ್ಲ ಗೊತ್ತು. ಇಂಥ ಕಣಿವೆಗೆ ರಜೆಯ ದಿನ ಮಗಳೊಬ್ಬಳನ್ನೇ ಮೇಕೆ ಮೇಯಿಸಲು ಅಟ್ಟುತ್ತಾಳೆ. ಅಕ್ಕಪಕ್ಕದವರು ಬೈದರೆ, "ಅದೇನು ಮಾಡ್ತದೆ, ಓಗ್ಲಿ ಬಿಡ್ರಮ್ಮ," ಎಂದು ನಗುತ್ತಾಳೆ.

ಇವತ್ತು ನಗು ಬರಲಿಲ್ಲ. ರಾಧ ನಸುಕಿನಲ್ಲೇ ಮೇಕೆ ಹೊಡೆದುಕೊಂಡು ಇತ್ತ ಬಂದಿದ್ದಳು.

"ವಾಪಸ್ ಓಗಿ ಸಾರ್. ಎಲ್ಲಾರ್ನೂ ಕರ್ಕಂಡು ಓಗಿ."

"ಏನಕ್ಕಾ ಇದು? ಎಷ್ಟು ಜನಕ್ಕೆ ತೋರಿಸಿದೋರು ನೀವು. ನೀವೇ ಹೆದರಿದ್ರೆ ಹೆಂಗೆ?"

"ಇವತ್ತು ಬ್ಯಾಡ ಸಾರ್, ಕೈ ಮುಗೀತೀನಿ. ಒಬ್ರೂ ಹಿಂದೆ ಉಳೀಬಾರ್ದು."

ಕೈ ಮುಗಿಯುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಗುರುವಾರ ಹಸು ಹಗ್ಗ ಜಗ್ಗಿ ಬಲಗೈಯ ಬೆರಳುಗಳು ಮುರಿದಿದ್ದವು. ಪುತ್ತೂರು ಕಟ್ಟು ಹಾಕಿಸಿಕೊಂಡು ಬಂದಿದ್ದಳು. ಬೆರಳ ತುದಿಯಿಂದ ಮಣಿಕಟ್ಟಿನವರೆಗೂ ಬಿದಿರಿನ ದಬ್ಬೆ. ಮುಷ್ಟಿ ಮಡಿಸಲಾಗದೆ ಹಾಲು ಕರೆಯುವ ಕೆಲಸವೂ ರಾಧಳ ಪಾಲಿಗೆ ಬಿದ್ದಿತ್ತು. ಈಗ ಆ ಕಟ್ಟಿನ ಕೈಯನ್ನೇ ಎಡಗೈಗೆ ಜೋಡಿಸಿ ಎತ್ತಿ ಹಿಡಿದಳು. ಅದನ್ನು ನೋಡಿದ ಮೇಲೆ ಸುಧಾಕರ್ ಜನರನ್ನು ಹಿಂದಕ್ಕೆ ಹೊರಡಿಸಿದ.

ಕದಿರಮ್ಮ ಮೇಲಿನ ಜಾಡು ಹಿಡಿದು ಓಡಿದಳು. ಕುಂಟೆಯ ಆಚೆ ಮಣ್ಣು ಗಟ್ಟಿ. ಸ್ವಲ್ಪ ದೂರ ಏನೂ ಕಾಣಲಿಲ್ಲ. ಜೀವ ತುಸು ಹಗುರಾಯಿತು. ತಿರುವಿನಲ್ಲಿ ನುಣುಪು ಧೂಳು. ಅಲ್ಲಿ ಮೇಕೆಗಳ ಗೊರಸಿನ ಗುರುತು ಒತ್ತೊತ್ತಾಗಿ ಬಿದ್ದಿತ್ತು. ಆ ಗುರುತುಗಳ ಮೇಲೆ, ಅವನ್ನು ಅಳಿಸಿಕೊಂಡು, ಚಿರತೆಯ ಹೆಜ್ಜೆ. ಮೇಕೆಗಳ ಹಿಂದೆಯೇ ಹೋಗಿತ್ತು.

"ರಾಧಾ! ಪಾಪಾ!"

ಕಣಿವೆ ಅದೇ ಹೆಸರನ್ನು ಅವಳಿಗೆ ತಿರುಗಿಸಿ ಕೊಟ್ಟಿತು. ಜಾಲಿಮುಳ್ಳು ಸೀರೆ ಹರಿಯಿತು, ಒಂದು ಕಾಲಿನ ಚಪ್ಪಲಿ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಅಪ್ಪಾ ವೆಂಕಟ್ರಮಣ, ಬಸ್ಸು ಹೋದರೆ ಹೋಗಲಿ, ಕಾಲೇಜು ಹೋದರೆ ಹೋಗಲಿ. ನನ್ನ ತಪ್ಪಿಗೆ ನನ್ನನ್ನು ಹಿಡಿ, ಮಗು ತಂಟೆಗೆ ಹೋಗಬೇಡ. ದಾರಿಯುದ್ದಕ್ಕೂ ಇದೊಂದೇ ಮಾತು ಅವಳ ಬಾಯಲ್ಲಿ.

ದೊಡ್ಡ ಬಂಡೆಯ ಕೆಳಗೆ ಮೇಕೆಗಳು ಕಂಡವು. ಒಂದೂ ಮೇಯುತ್ತಿರಲಿಲ್ಲ. ಒಂದಕ್ಕೊಂದು ಮೈ ಒತ್ತಿ ನಿಂತು, ಕಿವಿ ನಿಮಿರಿಸಿ, ಎಲ್ಲವೂ ಬಂಡೆಯ ಕಡೆಗೇ ನೋಡುತ್ತಿದ್ದವು. ಅವುಗಳ ಪಕ್ಕದಲ್ಲಿ ರಾಧ ಕಲ್ಲಿಗೊರಗಿ ಕೂತಿದ್ದಳು. ಕಿವಿಯಲ್ಲಿ ಇಯರ್‌ಫೋನು. ಕಾಲು ತಾಳ ಹಾಕುತ್ತಿತ್ತು.

ಕದಿರಮ್ಮ ಎಡಗೈಯಲ್ಲಿ ಮಗಳ ರಟ್ಟೆ ಹಿಡಿದು ಎಳೆದಳು. ತಲೆ, ಕತ್ತು, ಬೆನ್ನು ಮುಟ್ಟಿ ಮುಟ್ಟಿ ನೋಡಿದಳು. ಅಳು ಉಕ್ಕಿ ಬಂತು.

"ಎದ್ದೇಳೇ, ನಡಿ ಮನೆಗೆ! ಕುಂಟೆ ತಾವ ಚಿರತೆ ಹೆಜ್ಜೆ ಐತೆ!"

ರಾಧ ಇಯರ್‌ಫೋನು ಕಿತ್ತು ತಾಯಿಯನ್ನು ಮೇಲಿಂದ ಕೆಳಗೆ ನೋಡಿದಳು. ಕಿಸಕ್ಕನೆ ನಕ್ಕಳು.

"ನನ್ ತಾವ ಯಾಕಮ್ಮ ನಾಟಕ? ವಾರವಾರ ಬೆಳಗ್ಗೇನೇ ಬಂದು ನೀನು ಮುಷ್ಟಿ ಊರಿ ಹೆಜ್ಜೆ ಮಾಡೋದು ನಂಗೊತ್ತಿಲ್ವಾ? ಕೈ ನೋವಲ್ವಾ, ಇವತ್ತು ನಾನೇ ಮಾಡಾನ ಅಂತ ಬಂದ್ರೆ ನೀನಾಗ್ಲೇ ಮಾಡಿ ಮುಗಿಸಿದ್ದೆ! ಈ ಕಟ್ಟು ಇಟ್ಕಂಡು ಎಂಗಮ್ಮ ಮಾಡ್ದೆ?"