ತಲೆಯ ಮೇಲೆ ರೊಟ್ಟಿ

"ಇವತ್ತು ಯಾವ ವಾರ, ಬಯ್ಯೂಮಿ ಮಾಮ?" ಎಂದು ಡಾಕ್ಟರ್ ಹಾಝಿಮ್ ಕೇಳಿದರು.

"ಇಷ್ಟು ಓದಿದೀಯ, ಅದೂ ಗೊತ್ತಿಲ್ವೇನಪ್ಪ?" ಎಂದ ಬಯ್ಯೂಮಿ.

ಪಕ್ಕದಲ್ಲಿದ್ದ ಹೆಂಡತಿ ಇನ್ಶಿರಾಹ್ ಸುಮ್ಮನೆ ಕೆಮ್ಮಿದಳು. ಗಂಡ ಒಬ್ಬನೇ ಹೊರಗೆ ಹೋಗಿಬರಬಹುದು ಎಂದು ಡಾಕ್ಟರಿಂದ ಒಂದು ಚೀಟಿ ಬರೆಸಿಕೊಂಡು ಹೋದರೆ ಅವಳಿಗೆ ಸಾಕಿತ್ತು. ಅಪ್ಪನಿಗೆ ಮರೆವಿನ ಕಾಯಿಲೆ ಎಂದು ಮಗಳು ಆಗಲೇ ತೀರ್ಪು ಕೊಟ್ಟು, ಹೊರಬಾಗಿಲಿಗೆಂದು ಮುಷ್ಟಿಗಾತ್ರದ ಬೀಗ ತಂದಿಟ್ಟಿದ್ದಳು. ನಲವತ್ತು ವರ್ಷ ಕೈರೋದ ಇದೇ ಶುಬ್ರಾ ಬೀದಿಗಳಲ್ಲಿ ತಲೆಯ ಮೇಲೆ ರೊಟ್ಟಿಯ ತಟ್ಟಿ ಹೊತ್ತು ಮನೆಮನೆಗೆ ಮಾರುತ್ತ ತಿರುಗಿದವನನ್ನು ಕೋಳಿಯಂತೆ ಕೂಡಿಹಾಕಲು ಇನ್ಶಿರಾಹ್‌ಗೆ ಮನಸ್ಸಿರಲಿಲ್ಲ.

ಡಾಕ್ಟರು ಪ್ಲಾಸ್ಟಿಕ್ಕಿನ ಮೆದುಳೊಂದನ್ನು ತಿರುಗಿಸಿ, ಹಿಂಭಾಗದ ಕೆಳಗೆ ಹೂಕೋಸಿನ ತುಂಡಿನಂತೆ ಅಂಟಿಕೊಂಡಿದ್ದ ಭಾಗ ತೋರಿಸಿದರು. ಅದು ಕಿರುಮೆದುಳಂತೆ. ಅದಕ್ಕೆ ನಡಿಗೆ, ಸಮತೋಲ ಇಷ್ಟೇ ಕೆಲಸ ಎಂದು ದೊಡ್ಡ ದೊಡ್ಡ ಡಾಕ್ಟರೆಲ್ಲ ನಂಬಿದ್ದರಂತೆ. ಈಗ ನೆನಪಿನಲ್ಲೂ ಯೋಚನೆಯಲ್ಲೂ ಅದರ ಕೈವಾಡ ಇದೆ ಎನ್ನುತ್ತಿದ್ದಾರಂತೆ. ಮನೆಯ ಕೆಲಸವೆಲ್ಲ ಹಿತ್ತಲಲ್ಲಿರುವವರೇ ಮಾಡುವುದು, ಹೆಸರು ಮಾತ್ರ ಮುಂದೆ ಕೂತವರಿಗೆ. ಇದನ್ನು ಕಂಡುಹಿಡಿಯಲು ಇವರಿಗೆ ಇಷ್ಟು ವರ್ಷ ಬೇಕಾಯಿತೇ ಎಂದುಕೊಂಡಳು ಇನ್ಶಿರಾಹ್.

ನೆಲದ ಗೆರೆಯ ಮೇಲೆ ನಡೆಯಲು ಹೇಳಿದಾಗ ಬಯ್ಯೂಮಿ ಓಲಾಡಿದ. ಡಾಕ್ಟರು ಪೆನ್ನು ತೆಗೆದರು.

"ತಡೀರಿ ಡಾಕ್ಟ್ರೇ. ಇವ್ರು ಬರಿತಲೇಲಿ ನಡೆದೋರೇ ಅಲ್ಲ," ಎನ್ನುತ್ತ ಇನ್ಶಿರಾಹ್ ಕೆಳಗಿಳಿದು ಹೋಗಿ, ಬೇಯಿಸಿದ ಅವರೆ ಮಾರುವವನ ಗಾಡಿಯಿಂದ ರೊಟ್ಟಿ ಹರಡಿದ ಖರ್ಜೂರದ ಕಡ್ಡಿಯ ತಟ್ಟಿಯನ್ನೇ ಹೊತ್ತು ತಂದಳು.

ತಟ್ಟಿ ತಲೆಗೇರಿದ್ದೇ ತಡ, ಬಯ್ಯೂಮಿಯ ಬೆನ್ನು ನೆಟ್ಟಗಾಯಿತು. ಕೈ ಬಿಟ್ಟು, ಗೆರೆಯ ಮೇಲೆ ಹೋಗಿ ತಿರುಗಿ ಬಂದ. ಒಂದು ರೊಟ್ಟಿಯೂ ಅಲುಗಲಿಲ್ಲ. ಡಾಕ್ಟರಿಗೆ ಹಬ್ಬವೋ ಹಬ್ಬ. ಮೊಬೈಲಿನಲ್ಲಿ ಚಿತ್ರ ಹಿಡಿದರು, ಅಲೆಕ್ಸಾಂಡ್ರಿಯಾದ ಸಮ್ಮೇಳನದಲ್ಲಿ ತೋರಿಸುತ್ತೇನೆಂದರು, "ಸಮತೋಲ ಅತ್ಯುತ್ತಮ, ಒಬ್ಬರೇ ಓಡಾಡಬಹುದು" ಎಂದು ಬರೆದು ಮೊಹರು ಒತ್ತಿದರು. ಚಿತ್ರವನ್ನು ಇನ್ಶಿರಾಹ್‌ಗೂ ಎರಡು ಸಲ ತೋರಿಸಿದರು. ಇಬ್ಬರೂ ತಲೆಯೆತ್ತಿದಾಗ ಚಿತ್ರದಲ್ಲಿ ಬಯ್ಯೂಮಿ ಇದ್ದ, ಕೋಣೆಯಲ್ಲಿರಲಿಲ್ಲ. ತಲೆಯ ಮೇಲೆ ರೊಟ್ಟಿ ಬಂದ ಮೇಲೆ ಅವನು ಒಳಗೆ ನಿಂತದ್ದು ಯಾವತ್ತು?

ಇನ್ಶಿರಾಹ್ ಅವನ ಹಳೆಯ ದಾರಿ ಹಿಡಿದಳು. ದರ್ಜಿಯ ಅಂಗಡಿಯಲ್ಲಿ ಕೇಳಿದರೆ, ಬಂದಿದ್ದ, ಐದು ಕೊಟ್ಟು ಹೋದ ಎಂದರು. ಮೂರನೇ ಮಹಡಿಯ ಮುದುಕಿ ಹಗ್ಗದಲ್ಲಿ ಇಳಿಬಿಟ್ಟ ಬುಟ್ಟಿಗೆ ನಾಲ್ಕು ಬಿದ್ದಿದ್ದವು. ಕ್ಷೌರದಂಗಡಿ ಮೊಬೈಲ್ ಅಂಗಡಿಯಾಗಿ ಹನ್ನೆರಡು ವರ್ಷವಾಗಿತ್ತು. ಅಲ್ಲಿಯವರೂ ಆರು ತೆಗೆದುಕೊಂಡಿದ್ದರು. ಬಿಟ್ಟಿ ರೊಟ್ಟಿ ಬಂದಾಗ ಯಾಕೆ ಎಂದು ಕೇಳುವಷ್ಟು ದಡ್ಡರು ಶುಬ್ರಾದಲ್ಲಿಲ್ಲ. ಯಾರಿಗೆ ಎಷ್ಟು ಎಂಬ ಹಳೆಯ ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಅವಳ ಎದೆಯೂ ಹಗುರಾಯಿತು. ಈ ದಾರಿಯ ಕೊನೆ ತಮ್ಮ ಮನೆಯೇ ಅಲ್ಲವೇ?

ನಿಜವೇ. ಬಾಗಿಲಲ್ಲಿ ಬಯ್ಯೂಮಿ ನಿಂತಿದ್ದ. ತಟ್ಟಿಯಲ್ಲಿ ಎರಡೇ ರೊಟ್ಟಿ ಉಳಿದಿದ್ದವು. ಅವಳನ್ನು ಕಂಡು ಮರ್ಯಾದೆಯಿಂದ ಕಣ್ಣು ತಗ್ಗಿಸಿದ.

"ತಗೊಳ್ಳಿ ತಾಯಿ. ನಿಮಗೊಂದು, ನಿಮ್ಮ ಯಜಮಾನ್ರಿಗೊಂದು," ಎಂದು ಕೊಟ್ಟು, ಮೆಟ್ಟಿಲಿನತ್ತ ತಿರುಗಿದ.

ಇನ್ಶಿರಾಹ್ ರೊಟ್ಟಿ ತೆಗೆದುಕೊಂಡಳು. ಹೆಸರು ಹಿಡಿದು ಕರೆಯಲಿಲ್ಲ.

"ರೊಟ್ಟಿಯಣ್ಣ, ಬಿಸಿಲಲ್ಲಿ ಬಂದಿದೀರ. ಒಳಗೆ ಬಂದು ಚಹಾ ಕುಡ್ಕೊಂಡು ಹೋಗಿ."

"ನಿಮ್ಮ ಯಜಮಾನ್ರು ಏನಾದ್ರೂ ಅಂದ್ಕೊಂಡಾರು."

"ಅವ್ರು ಮನೇಲಿಲ್ಲ," ಎಂದಳು ಅವಳು, ಚೀಟಿಯನ್ನು ಮುಷ್ಟಿಯಲ್ಲಿ ಮಡಚುತ್ತ. "ಒಬ್ರೇ ಹೊರಗೆ ಹೋಗಿದಾರೆ. ಹೋಗಬಹುದು ಅಂತ ಡಾಕ್ಟ್ರೇ ಬರ್ಕೊಟ್ಟಿದಾರೆ."