ಕೈಗೆ ಕೊಡದ ಖಾರ

ಇದು ಹೀಗೇ ನಡೆಯಿತೆಂದು ಪ್ರಮಾಣ ಮಾಡಿ ಹೇಳಲಾರೆ. ಅಜ್ಜಿಯ ಮಾತನ್ನು ಆಮೇಲೆ ನಾನೇ ಕಟ್ಟಿಕೊಂಡಿರಲೂಬಹುದು. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದೇ ಇಂಥ ಅನುಮಾನ. ಆದರೂ ಹುರಿದ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ ಈಗಲೂ ಬ್ಯಾಡಗಿಯ ಆ ಮಧ್ಯಾಹ್ನ ಎದ್ದು ಬರುತ್ತದೆ.

ಮಾರುಕಟ್ಟೆಯಲ್ಲಿ ಚೀಲ ಹೊರುತ್ತಿದ್ದ ಅಪ್ಪನ ಬೆನ್ನು ಮುರಿದು ವರ್ಷವಾಗಿತ್ತು. ಮೆಣಸಿನಕಾಯಿಯ ತೊಟ್ಟು ಬಿಡಿಸಿ ಅವ್ವ ತರುತ್ತಿದ್ದ ಕೂಲಿ ಅವನ ಔಷಧಿಗೂ ಸಾಲುತ್ತಿರಲಿಲ್ಲ. ಅದಕ್ಕೇ ಅವಳು ಕುವೈತಿನ ಒಂದು ಮನೆಗೆ ಅಡುಗೆ ಕೆಲಸಕ್ಕೆ ಹೊರಟಿದ್ದಳು. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ.

ಅವ್ವನ ಅತ್ತೆಯಾದ ನಮ್ಮಜ್ಜಿ, ಆಗಷ್ಟೇ ಕುಟ್ಟಿದ ಖಾರದಪುಡಿಯನ್ನು ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದಳು. ಖಾರವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನಮ್ಮಲ್ಲಿ ಅದನ್ನು ನೆಲದ ಮೇಲೆ ಇಡುತ್ತಾರೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಅಂದು ಅಜ್ಜಿ ಗಂಟನ್ನು ಅವ್ವನ ಅಂಗೈಗೇ ಒತ್ತಿದಳು.

"ಅಯ್ಯ ಅತ್ತಿ, ಕೆಳಗ ಇಡ್ರಿ! ಜಗಳ ಆಗ್ತೈತಿ."

"ಆಗ್ಲಿ ಬಿಡವಾ. ನನ್ನ ಕೂಡ ಜಗಳಾಡಾಕರ ಹೊಳ್ಳಿ ಬಾ."

ಅವ್ವ ನಕ್ಕಳೋ ಅತ್ತಳೋ ನೆನಪಿಲ್ಲ. ನಾನು ಬಿಗಿಯಾಗಿ ಹಿಡಿದಿದ್ದ ಸೆರಗನ್ನು ಒಂದೊಂದೇ ಬೆರಳು ಬಿಡಿಸಿ ಎಳೆದುಕೊಂಡಳು. ಆಮೇಲೆ ಅವಳು ಹೊಳ್ಳಿ ಬರಲೇ ಇಲ್ಲ.

ಕುವೈತಿನ ಅದೇ ಮನೆಯಲ್ಲಿ ಅವ್ವನ ಜೊತೆ ದುಡಿದು ಮರಳಿದ್ದ ರಾಣೆಬೆನ್ನೂರಿನ ಹೆಂಗಸೊಬ್ಬಳನ್ನು ಬಹಳ ವರ್ಷಗಳ ಮೇಲೆ ಹುಡುಕಿ, ಅವ್ವನಿಗೇನಾಯಿತೆಂದು ಕೇಳಿದೆ. ಖಾತ್ರಿಯಾದದ್ದು ಇಷ್ಟೇ: ನೆಲಕ್ಕಿಟ್ಟು ಕೊಡುವುದು ಸೊಕ್ಕೆಂದು ಮನೆಯೊಡತಿ ದಿನಾ ಜಗಳ ತೆಗೆದರೂ ಅವ್ವ ಕೊನೆಯವರೆಗೂ ಖಾರವನ್ನು ಯಾರ ಕೈಗೂ ಕೊಡಲಿಲ್ಲ.